ಇಳಿಜಾರಿನ ಹಳದಿ ಬೋರ್ಡು

ಗಂಟೆಗೆ ಐವತ್ತೈದು ಕಿಲೋಮೀಟರ್ ವೇಗದಲ್ಲಿ ಇಳಿಯುವಾಗ ಲುದಿವೀನ್ ಯಾರ ಬಗ್ಗೆಯೂ ಯೋಚಿಸುತ್ತಿರಲಿಲ್ಲ. ವಾರವಿಡೀ ಅಂಚೆ ವ್ಯಾನಿನಲ್ಲಿ ಕ್ರೂಜ್ ಸೀಮೆಯ ಹಳ್ಳಿಹಳ್ಳಿ ಸುತ್ತಿ ಊರವರ ಸುದ್ದಿಯನ್ನೆಲ್ಲ ಹೊತ್ತು ತಿರುಗುವವಳಿಗೆ ಭಾನುವಾರದ ಈ ಇಳಿಜಾರೊಂದೇ ತನ್ನದು. ಎರಡೂ ಕಡೆ ಪೊದೆಬೇಲಿ, ಅದರಾಚೆ ಕೆಂಪು ಹಸುಗಳು, ಕೆಳಗೆ ಮಂಜು. ಇವತ್ತು ಟೈರ್ ಪಂಕ್ಚರ್ ಆಗಿ ಹತ್ತು ನಿಮಿಷ ತಡವಾಗಿತ್ತು. ಅದಕ್ಕೇ ಬ್ರೇಕ್ ಮುಟ್ಟಿರಲಿಲ್ಲ.

ಕಾಡಿನಲ್ಲಿ ಗುಂಡು ಹಾರಿತು. ಬೇಲಿ ಹರಿದುಕೊಂಡು ಒಂದು ಕಾಡುಹಂದಿ ರಸ್ತೆಗೆ ನುಗ್ಗಿತು.

ಸೈಕಲ್ ಒಂದು ಕಡೆ, ಅವಳೊಂದು ಕಡೆ. ಕತ್ತಿನ ಬುಡದ ಮೂಳೆ ಲಟಕ್ಕೆಂದದ್ದು ಅವಳಿಗೇ ಕೇಳಿಸಿತು. ಹಿಂಗಾಲು ಮುರಿದ ಹಂದಿ ಕೋರೆ ಮಸೆಯುತ್ತಾ ಅವಳ ಕಡೆಗೇ ತಿರುಗಿತು. ಅಷ್ಟರಲ್ಲಿ ಕಿತ್ತಳೆ ಜಾಕೆಟ್ಟಿನ ಒಬ್ಬ ಬೇಲಿ ಹಾರಿ ಬಂದು ಅದರ ಮೇಲೆ ಬಿದ್ದ. ಮುಂಗಾಲಿನ ಹಿಂದೆ ಚೂರಿಯನ್ನು ಹಿಡಿಯವರೆಗೂ ಇಳಿಸಿದ. ಬಿಸಿ ರಕ್ತ ಅವಳ ಮುಖಕ್ಕೆ ಚಿಮ್ಮಿತು.

ಹಂದಿ ಒದ್ದಾಡಿ ಸುಮ್ಮನಾದ ಮೇಲೆ ಅವನು ತೆವಳಿಕೊಂಡು ಹತ್ತಿರ ಬಂದ. "ನಿಮಗೇನೂ ಆಗಿಲ್ಲ ತಾನೆ? ಮಾತಾಡಿ, ದಮ್ಮಯ್ಯ."

ಅವಳು ಸರಿಯಿದ್ದ ಎಡಗೈ ಮುಷ್ಟಿ ಮಾಡಿ ಅವನ ಮೂಗಿಗೆ ಗುದ್ದಿದಳು.

"ಬೋರ್ಡು ಎಲ್ಲೋ? ಬೇಟೆ ಬೋರ್ಡು ಎಲ್ಲಿ ಇಟ್ಟಿದೀರಾ, ಕೊಲೆಗಡುಕರಾ?"

"ಮೂಗು ಮುರೀತು ಅನ್ಸುತ್ತೆ," ಅಂದ ಅವನು, ರಕ್ತ ಒರೆಸಿಕೊಳ್ಳುತ್ತಾ.

"ಇನ್ನೂ ಹತ್ರ ಬಾ. ಹಲ್ಲೂ ಉದುರಿಸ್ತೀನಿ."

ಅವನು ನಿಜಕ್ಕೂ ಇನ್ನೂ ಹತ್ತಿರ ಬಂದ. ಬೂದು ಕಣ್ಣು, ತುಂಬ ನೀರು. ಸಾಯುವ ಹಾಗಿರುವಾಗ ಕಣ್ಣಿನ ಬಣ್ಣ ನೋಡುವವರುಂಟೇ? ಅವಳು ನೋಡಿದಳು. ಅವನ ಹಿಂದೆ, ಬೇಲಿಯ ಬುಡದ ಜರೀಗಿಡಗಳಲ್ಲಿ ಏನೋ ಹಳದಿ ಕಂಡಿತು. ಆಮೇಲೆ ಕತ್ತಲೆ ಕವಿಯಿತು.

ಅಲ್ಲಿನ ಕಟ್ಟಳೆ ಸರಳ. ಬೇಟೆ ಶುರುವಿಗೆ ಕಹಳೆ ಒಂದು ಸಲ, ಮುಗಿದಾಗ ಮೂರು ಸಲ. ಮೊದಲ ಕಹಳೆಗೆ ಮುಂಚೆ ರಸ್ತೆಯ ತಲೆಯಲ್ಲಿ ಹಳದಿ ಬೋರ್ಡು ನಿಂತಿರಬೇಕು. ಅದನ್ನು ಕಂಡರೆ ಲುದಿವೀನ್ ಅಲ್ಲೇ ಇರುವ ಶಿಲುಬೆಗಲ್ಲಿನ ಹತ್ತಿರ ತಿರುಗಿ ಸುತ್ತುಬಳಸಿನ ಗಿರಣಿ ದಾರಿ ಹಿಡಿಯುತ್ತಿದ್ದಳು. ಅವತ್ತು ಬೋರ್ಡಿರಲಿಲ್ಲ. ಹಾಗಂತ ಪೊಲೀಸರಿಗೆ ದೂರು ಕೊಟ್ಟಳು.

"ಬೋರ್ಡಿತ್ತು, ಗಾಳಿಗೆ ಬಿದ್ದಿರಬೇಕು," ಅಂದ ಬೇಟೆಕೂಟದ ಯಜಮಾನ ಗಾಸ್ತೋಂ. ಸಾಯಂಕಾಲದೊಳಗೆ ಕೆಫೆಯಲ್ಲಿದ್ದವರೆಲ್ಲ ಅದನ್ನೇ ಹಾಡಿದರು. ಆ ಹುಡುಗಿಗೆ ವೇಗದ ಹುಚ್ಚು, ಕಣ್ಣು ನೆತ್ತಿ ಮೇಲೆ. ಹತ್ತು ಸಲ ಕೇಳಿದ ಸುಳ್ಳು ನಿಜದ ಅಂಗಿ ತೊಡುತ್ತದೆ. ಜರೀಗಿಡಗಳ ಆ ಹಳದಿ ನೆನಪಾಗಿ, ಬೋರ್ಡಿದ್ದದ್ದು ತನಗೇ ಕಾಣಲಿಲ್ಲವೇನೋ ಎಂದು ಅವಳಿಗೂ ಅನ್ನಿಸತೊಡಗಿತು. ಮೂಳೆ ನೋವಿಗಿಂತ ಅದು ಹೆಚ್ಚು ನೋಯುತ್ತಿತ್ತು.

ನಾಲ್ಕನೇ ದಿನ ಆ ಕಿತ್ತಳೆ ಜಾಕೆಟ್ಟಿನವನು ಬಾಗಿಲಿಗೆ ಬಂದ. ಹೆಸರು ತಿಬೋ, ಕಲ್ಲುಗೋಡೆ ಕಟ್ಟುವ ಕೆಲಸ, ಗಾಸ್ತೋಂನ ಅಕ್ಕನ ಮಗ. ಮೂಗಿಗೆ ಪಟ್ಟಿ, ಕೈಯಲ್ಲಿ ಬಟ್ಟೆ ಸುತ್ತಿದ ಹಂದಿಯ ತೊಡೆ. ಬೇಟೆಯಿಂದ ನೊಂದವರಿಗೆ ಮೊದಲ ಪಾಲು ಕೊಡುವುದು ಅಲ್ಲಿನ ವಾಡಿಕೆ.

ಅವಳು ಅದನ್ನು ಎಡಗೈಯಲ್ಲಿ ಇಸಿದುಕೊಂಡು, ಬೀಸಿ ಅವನ ಪಕ್ಕೆಗೇ ಬಾರಿಸಿದಳು.

"ಐದು ಕಿಲೋ ಇದೆ," ಅಂದ ತಿಬೋ, ಬಾಗಿಕೊಂಡೇ. "ಒಂದೇ ಕೈಯಲ್ಲಿ ಎತ್ತಿದ್ರಲ್ಲ!"

"ಇನ್ನೊಂದು ಕೈ ನಿಮ್ಮವರು ಮುರಿದಿದಾರೆ."

"ಅದಕ್ಕೇ ಬಂದೆ. ಸೌದೆ ಯಾರು ಒಡೀತಾರೆ?"

ಸೌದೆ ಅವನೇ ಒಡೆದ. ಮರುದಿನವೂ ಒಡೆದ. ನವೆಂಬರ್ ಪೂರ್ತಿ ಸಂಜೆ ಐದಕ್ಕೆ ಅಂಗಳದಲ್ಲಿ ಕೊಡಲಿಯ ಸದ್ದು. ಅವಳು ಅಡುಗೆಮನೆಯ ಕಿಟಕಿಯಲ್ಲಿ ಕಾಫಿ ಹಿಡಿದು ನಿಂತು, ಬೇಕೆಂದೇ ದುರುಗುಟ್ಟಿ ನೋಡುತ್ತಿದ್ದಳು. ಅವನು ಕೊಡಲಿ ಎತ್ತಿದಾಗ ನೋಟ ತಪ್ಪಿಸಿ, ಇಳಿಸಿದಾಗ ಮತ್ತೆ ನೋಡುತ್ತಿದ್ದಳು. ಸೊಟ್ಟ ಮೂಗು ಅವನಿಗೆ ಒಪ್ಪಿತ್ತು. ತನ್ನ ಕೈಯ ಕೆಲಸವಲ್ಲವೇ ಎಂದು ಒಳಗೊಳಗೇ ಹೆಮ್ಮೆಪಟ್ಟಳು.

"ಎಷ್ಟು ಸೌದೆ? ಎರಡು ಚಳಿಗಾಲಕ್ಕಾಗುತ್ತೆ."

"ಎರಡನೇ ಚಳಿಗಾಲಕ್ಕೂ ಬರೋಣ ಅಂತ."

"ಮೂಗು ಈ ಸಲ ಬಲಕ್ಕೆ ತಿರುಗಿಸ್ಲಾ?"

"ತಿರುಗಿಸಿ. ನೇರ ಆಗುತ್ತೆ."

ಅವಳು ನಕ್ಕಳು. ನಕ್ಕದ್ದಕ್ಕೆ ಮೂಳೆ ನೋಯಿತು, ಬೈದಳು. ಅವನು ಅವಳ ಸೈಕಲ್ಲಿನ ಚಕ್ರ ನೇರ ಮಾಡಿಕೊಟ್ಟ. ಒಂದೊಂದು ಕಡ್ಡಿ ಬಿಗಿ ಮಾಡುವಾಗಲೂ ಏನೋ ಹೇಳಲು ಬಾಯಿ ತೆರೆದು ಮುಚ್ಚುತ್ತಿದ್ದ. ಪ್ರೀತಿಯ ಮಾತಿರಬೇಕೆಂದು ಅವಳು ಕಾದಳು. ಕಾಯುವುದು ಅವಳ ಜಾಯಮಾನವಲ್ಲ. ಒಂದು ಸಂಜೆ ಕಾಲರ್ ಹಿಡಿದು ಎಳೆದು ಅವಳೇ ಮುತ್ತಿಟ್ಟಳು.

ಅವನು ಮುಖ ತಿರುಗಿಸಿಕೊಂಡ. "ಬೇಡ. ಮೊದಲು ಕೇಳಿ. ಬೋರ್ಡು ಇರ್ಲಿಲ್ಲ. ನಿಮಗೆ ಕಾಣ್ದೇ ಹೋಗಿದ್ದಲ್ಲ, ಇರ್ಲೇ ಇಲ್ಲ. ಅವತ್ತು ಅದನ್ನ ಇಡೋ ಪಾಳಿ ನಂದು."

"ಮರೆತ್ಯಾ?"

"ಮರೆತಿದ್ರೆ ಚೆನ್ನಾಗಿತ್ತು." ಅವನ ಧ್ವನಿ ಒಡೆಯಿತು. "ಬೋರ್ಡಿಟ್ರೆ ನೀವು ಗಿರಣಿ ದಾರಿಗೆ ತಿರುಗಿಬಿಡ್ತೀರಿ. ನಾನು ಆ ಬೇಲಿ ಹಿಂದೆ ನಿಲ್ಲೋದೇ ಒಂಬತ್ತು ಇಪ್ಪತ್ತಕ್ಕೆ ನೀವು ಹೋಗೋದನ್ನ ನೋಡೋಕೆ. ನನ್ನ ಪಾಳಿ ಬಂದಾಗಲೆಲ್ಲ ನೀವು ದಾಟಿದ ಮೇಲೆ ಇಡ್ತಿದ್ದೆ. ಎರಡು ವರ್ಷದಿಂದ. ಅವತ್ತು ನೀವು ತಡ ಮಾಡಿದ್ರಿ. ಕಹಳೆ ಊದಿದ್ರು. ಇನ್ನೊಂದು ನಿಮಿಷ, ಬರ್ತಾಳೆ ಅಂತ ಬೋರ್ಡನ್ನ ಕೈಯಲ್ಲೇ ಹಿಡ್ಕೊಂಡು ನಿಂತಿದ್ದೆ."

ಅವಳು ಕೊಟ್ಟ ಏಟಿಗೆ ಅವನ ತುಟಿ ಸೀಳಿತು. ಅವನು ಕೈ ಅಡ್ಡ ತರಲಿಲ್ಲ.

"ಊರಿಗೆ ಊರೇ ನನ್ನ ಕುರುಡಿ ಅಂತು. ನೀನು ಸೌದೆ ಒಡೀತಾ ಇದ್ದೆ!" ಅಳು ನುಗ್ಗಿ ಬಂತು, ಅದಕ್ಕೂ ಸಿಟ್ಟು ಬಂತು. "ಹೋಗಿ ಅವರ ಮುಂದೆ ಹೇಳು. ಅಲ್ಲಿವರೆಗೂ ನಿನ್ನ ಮುಖ ತೋರಿಸಬೇಡ."

ಡಿಸೆಂಬರ್ ಮೊದಲ ಭಾನುವಾರ ವೈದ್ಯರ ಮಾತು ಮೀರಿ ಅವಳು ಸೈಕಲ್ ಹತ್ತಿದಳು. ರಸ್ತೆ ಬದಿಯ ಬೇಟೆಕೂಟದ ಶೆಡ್ಡಿನ ಮುಂದೆ ಕೂಗಾಟ ಕೇಳಿತು. ಬೇಟೆಗೆ ಮುಂಚೆ ಎಲ್ಲರಂತೆ ನಿಯಮದ ಪುಸ್ತಕಕ್ಕೆ ಸಹಿ ಹಾಕುವ ಬದಲು ತಿಬೋ ಎಲ್ಲರೆದುರು ನಿಜ ಹೇಳಿಬಿಟ್ಟಿದ್ದ. ಇಬ್ಬರು ಅವನ ತೋಳು ಹಿಡಿದಿದ್ದರು. ಗಾಸ್ತೋಂ ಕೋವಿಯ ಹಿಡಿಯಿಂದ ಅವನ ಹೊಟ್ಟೆಗೆ ತಿವಿದ.

"ಮನೆ ಮುರುಕ! ನಿನ್ನ ಒಂದು ಹುಡುಗಿ ಖಯಾಲಿಗೆ ನಮ್ಮೆಲ್ಲರ ಲೈಸೆನ್ಸ್ ಹೋಗ್ಬೇಕಾ?"

"ಹೋಗ್ಲಿ ಮಾವ," ಅಂದ ತಿಬೋ, ರಕ್ತ ಉಗುಳಿ.

ಕೋವಿ ಮತ್ತೆ ಮೇಲೆದ್ದಿತು. ಲುದಿವೀನ್ ಸೈಕಲ್ಲನ್ನು ಹಾಗೇ ಕೆಡವಿ, ಚೌಕಟ್ಟಿನಿಂದ ಪಂಪು ಕಿತ್ತು ಗಾಸ್ತೋಂನ ಮುಂಗೈಗೆ ಬೀಸಿದಳು. ಕೋವಿ ಕೆಸರಿಗೆ ಬಿತ್ತು. ಅವನು ಕೈ ಹಿಡಿದುಕೊಂಡು ಕೂತ.

"ಇವನನ್ನ ಹೊಡೆಯೋ ಹಕ್ಕು ನಂದು," ಅಂದಳು ಏದುಸಿರು ಬಿಡುತ್ತಾ. "ನಿಮ್ಮದಲ್ಲ."

ಯಾರೂ ಮುಂದೆ ಬರಲಿಲ್ಲ. ಅವಳು ತಿಬೋನತ್ತ ತಿರುಗಿದಳು. "ಪೊಲೀಸರ ಹತ್ರ ನಡಿ. ನಾನೇನೂ ಕ್ಷಮಿಸಿಲ್ಲ."

"ಗೊತ್ತು," ಅಂದ ಅವನು, ಮತ್ತು ಹೊಟ್ಟೆ ಹಿಡಿದುಕೊಂಡು ನಡೆದ.

ತಿಬೋನ ಲೈಸೆನ್ಸ್ ಹೋಯಿತು. ಸುಳ್ಳು ಹೇಳಿದ ಗಾಸ್ತೋಂನ ಯಜಮಾನಿಕೆಯೂ ಹೋಯಿತು. ಕೆಫೆಯವರು ಅವಳಿಂದ ಪತ್ರ ಇಸಿದುಕೊಳ್ಳುವಾಗ ಕಣ್ಣು ತಗ್ಗಿಸಿದರು. ಸಂಜೆ ಐದಕ್ಕೆ ಕೊಡಲಿಯ ಸದ್ದಿಲ್ಲದ ಅಂಗಳ ನೋಡುತ್ತಾ ಅವಳು ಸುಮಾರು ಮೂರು ತಿಂಗಳು ಕಳೆದಳು. ಅವನು ಇಲ್ಲದ್ದು ನೋಯುತ್ತಿತ್ತು. ಅದನ್ನು ಒಪ್ಪಿಕೊಳ್ಳಲು ಅಷ್ಟು ದಿನ ಬೇಕಾಯಿತು.

ಫೆಬ್ರವರಿಯ ಕೊನೆಯ ಭಾನುವಾರ, ಒಂಬತ್ತು ಇಪ್ಪತ್ತಕ್ಕೆ, ಶಿಲುಬೆಗಲ್ಲಿನ ಹತ್ತಿರ ಹಳದಿ ಬೋರ್ಡು ಕಂಡಿತು. ಅದನ್ನು ಎದೆಗಾನಿಸಿಕೊಂಡು ತಿಬೋ ನಿಂತಿದ್ದ. ಕೋವಿಯಿಲ್ಲ, ಚೂರಿಯಿಲ್ಲ. ಎಂಟಕ್ಕೇ ಬಂದು ನಿಂತವನ ಕಿವಿಗಳು ಚಳಿಗೆ ಕೆಂಪಾಗಿದ್ದವು.

"ಬೇಟೆ ಇದೆ," ಅಂದ. "ಗಿರಣಿ ದಾರೀಲಿ ಹೋಗಿ."

"ಅವರು ನಿನ್ನ ಸೇರಿಸ್ಕೊಂಡ್ರಾ?"

"ಇಲ್ಲ. ಬೋರ್ಡು ಹಿಡಿಯೋದಕ್ಕೆ ಲೈಸೆನ್ಸ್ ಬೇಡ. ಇನ್ಮೇಲೆ ಪ್ರತಿ ಭಾನುವಾರ ಬರ್ತೀನಿ."

"ನಾನು ತಿರುಗಿ ಹೋದ್ರೆ ನಿನಗೆ ಕಾಣೋದೇ ಇಲ್ವಲ್ಲ."

"ಕಾಣದಿದ್ರೂ ಪರವಾಗಿಲ್ಲ. ಬದುಕಿದ್ರೆ ಸಾಕು."

ಅವಳು ಸೈಕಲ್ಲಿನಿಂದ ಇಳಿದಳು. ಮುಷ್ಟಿ ಬಿಗಿಯಾಯಿತು. ಅವನು ಅಭ್ಯಾಸಬಲದಿಂದ ಕಣ್ಣು ಮುಚ್ಚಿಕೊಂಡ. ಆ ಸೊಟ್ಟ ಮೂಗಿನ ಮೇಲೆ ಬಿದ್ದದ್ದು ಮುತ್ತು.

"ಲುದಿವೀನ್," ಅಂದ ಅವನು, ಮೊದಲ ಸಲ ಹೆಸರು ಹಿಡಿದು, "ನೀನು... ತಿರುಗಿ ಹೋಗಲ್ವಾ?"

"ಇಲ್ಲೇ ನಿಲ್ತೀನಿ."

ಬೋರ್ಡನ್ನು ರಸ್ತೆಯಲ್ಲಿ ನಿಲ್ಲಿಸಿ ಇಬ್ಬರೂ ಕಲ್ಲಿಗೊರಗಿ ಕೂತರು. ಹೊತ್ತು ಕಳೆದು ಕಾಡಿನ ಕಡೆಯಿಂದ ಕಹಳೆ ಮೂರು ಸಲ ಕೂಗಿತು. ದಾರಿ ಬಿಡುವಾಯಿತು. ತಿಬೋ ಬೋರ್ಡು ಎತ್ತಲು ಬಗ್ಗಿದ.

ಅವಳು ಅವನ ಜಾಕೆಟ್ ಹಿಡಿದು ಹಿಂದಕ್ಕೆಳೆದಳು. "ಇರ್ಲಿ ಬಿಡು. ಇನ್ನೂ ಸ್ವಲ್ಪ ಹೊತ್ತು ಯಾರೂ ಬರೋದು ಬೇಡ."