ಹರಗೋಲಿನ ಚೌಕ ತೇಪೆ

ಲಾಲಬಿ ಜಯಮಾಲಾ ಅಕ್ಕೋರ ಬಾಗಿಲಿಗೆ ಬಂದಾಗ ಅವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ನನ್ನನ್ನು ಕಂಡು ಹೆದರಿ ಹಿಂದೆ ಸರಿದಳು. ನನ್ನ ತಮ್ಮ ಪರಪ್ಪ ಹೊಳೆಯ ಪಾಲಾಗಿ ಅಂದಿಗೆ ಮೂರು ದಿನ. ಅವನ ಸಾವಿಗೆ ಕಾರಣನೆಂದು ಪೊಲೀಸರು ಒಯ್ದದ್ದು ಅವಳ ಗಂಡ ಮಲಿಕಸಾಬನನ್ನು.

“ಒಳಗ ಬಾ. ಖಂಡೆಪ್ಪಣ್ಣ ನಿನ್ನ ನುಂಗಂಗಿಲ್ಲ,” ಎಂದರು ಅಕ್ಕೋರು.

“ಮೂವತ್ತ ವರ್ಷ ಚಪ್ಪಲಿ ರಿಪೇರಿ ಮಾಡ್ಯಾರ್ರಿ ನಮ್ಮವರು. ಹರಗೋಲಿಗೆ ತೇಪಿ ಹಚ್ಚಿದ್ದು ಖರೆ. ಅದು ತಾನಾಗಿ ಬಿಡಂಗಿಲ್ರಿ,” ಎಂದಳು ಲಾಲಬಿ.

ನಮ್ಮೂರು ತಂಗಡಗಿಯಲ್ಲಿ ಪ್ರತಿ ಸೋಮವಾರ ನಡುಹೊಳೆಯಿಂದ ದೇವರ ಅಭಿಷೇಕಕ್ಕೆ ಒಂದು ಕೊಡ ನೀರು ತರುವ ಸೇವೆ ನಮ್ಮ ಮನೆತನದ್ದು. ಒಂದು ಕಾಲು ಸ್ವಾಧೀನವಿಲ್ಲದ ಪರಪ್ಪ ಒಬ್ಬನೇ ಹರಗೋಲಿನಲ್ಲಿ ಹೋಗುತ್ತಿದ್ದ. ಈಗ ಬಿದಿರಿನ ಬುಟ್ಟಿಗೆ ಹೊದಿಸುವುದು ತೊಗಲಲ್ಲ, ಪಿವಿಸಿ ತಾಡಪತ್ರಿ. ಆ ಸೋಮವಾರ ತುಂಬು ಹೊಳೆಯ ನಡುವೆ ತಳದ ತೇಪೆ ಬಿಟ್ಟಿತು.

ಅಕ್ಕೋರು ಮುದ್ದೇಬಿಹಾಳದಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಊರಿನ ಒಗಟುಗಳೆಲ್ಲ ಅವರ ಮನೆಗೇ ಬರುತ್ತಿದ್ದವು. ನಾವಿಬ್ಬರೂ ದಂಡೆಗೆ ಹೋದೆವು. ಬೋರಲು ಹಾಕಿದ್ದ ಹರಗೋಲಿಗೆ ಬೂದು ಬಣ್ಣದ ಚೌಕ ತೇಪೆಯೊಂದು ಒಂದೇ ಮೂಲೆಯಲ್ಲಿ ಜೋತುಬಿದ್ದಿತ್ತು. ಅದರ ಹಳದಿ ಗಮ್ಮು ಕರಗಿದ ಬೆಲ್ಲದಂತೆ ಬೆರಳಿಗೆ ಅಂಟಿತು. ಅದರ ಕೆಳಗೆ ಮರಳುಕಾಗದದಿಂದ ಉಜ್ಜಿದ ದುಂಡನೆಯ ಗುರುತು. ಸುತ್ತಲಿನ ಬಟ್ಟೆ ಕಾವು ತಗುಲಿ ಸುಕ್ಕುಗಟ್ಟಿತ್ತು.

“ನೀ ಏನ ಮುಚ್ಚಿಡಾಕತ್ತಿ, ಖಂಡೆಪ್ಪಣ್ಣ?” ಎಂದರು ಅಕ್ಕೋರು.

“ಹೇಳಿದ್ರ ನನ್ನನ್ನೂ ಹೊಳಿಗೆ ಹಾಕತಾರ್ರಿ.”

“ಹೇಳದಿದ್ರ ಮಲಿಕಸಾಬ ಜೇಲಿನ್ಯಾಗ ಕೊಳಿತಾನ.”

ಶಿವನ ಹೆಸರು ಹೇಳಿ ಬಾಯಿಬಿಟ್ಟೆ. ಮರಳು ದಂಧೆಯ ಅನಿಲನ ಜನ ಹೊಳೆಯ ಮರಳು ಕದಿಯುವುದನ್ನು ಪರಪ್ಪ ಕಂಡಿದ್ದ. ಮಂಗಳವಾರ ತಹಶೀಲ್ದಾರರ ಮುಂದೆ ಹೇಳುವವನಿದ್ದ. ಈಗ ಆ ಮಾತು ಬಲ್ಲವನು ನಾನೊಬ್ಬನೇ.

ಊರಿಗೆ ಕಾಣುವಂತೆ ಅನಿಲನದು ಮುದ್ದೇಬಿಹಾಳದಲ್ಲಿ ಗಾಡಿಗಳ ಸೀಟ್ ಕವರಿನ ಅಂಗಡಿ. ಅಕ್ಕೋರು ತಮ್ಮ ಸ್ಕೂಟರಿಗೆ ಕವರು ಕೇಳುತ್ತ ಅಲ್ಲಿ ಕುಳಿತರು. ಹಳದಿ ಗಮ್ಮಿನ ಡಬ್ಬಿ, ಬಿಸಿಗಾಳಿ ಊದುವ ಯಂತ್ರ, ಮೂಲೆಯಲ್ಲಿ ರೆಗ್ಜಿನ್ ಚೂರುಗಳ ರಾಶಿ. “ಈ ಬಣ್ಣ ಹಾಕಪ್ಪಾ,” ಎಂದು ಬೂದು ಚೂರೊಂದನ್ನು ಅಂಚು ನೋಡಿ ಮಾದರಿಗೆ ಆರಿಸಿ ಚೀಲಕ್ಕೆ ಹಾಕಿಕೊಂಡರು. ಅನಿಲ ನನ್ನ ಕಡೆ ನೋಡಿ ನಕ್ಕ.

ಮರುದಿನ ಅಕ್ಕೋರು ಕರೆದಂತೆ ಗುಡಿಯ ಅಂಗಳದಲ್ಲಿ ಪೊಲೀಸ್ ಫೌಜದಾರರು, ಅವರು ಠಾಣೆಯಿಂದ ಕರೆತಂದ ಮಲಿಕಸಾಬ, ಅನಿಲ, ಲಾಲಬಿ ಎಲ್ಲರೂ ಸೇರಿದರು.

“ಮಲಿಕಸಾಬ, ನಿನ್ನ ತೇಪಿ ಹೆಂಗಿರತಾವ?” ಎಂದು ಕೇಳಿದರು ಅಕ್ಕೋರು.

“ದುಂಡಗರಿ. ಮೂಲಿ ಇದ್ರ ಅಲ್ಲಿಂದನ ಏಳತೈತಿ.”

“ಗಮ್ಮು?”

“ಪಾಲಿಯುರೇಥೇನ್ ಗಮ್ಮರಿ. ಚಪ್ಪಲಿಯ ಹಳದಿ ಗಮ್ಮು ಪಿವಿಸಿಗೆ ಹಿಡಿಯಂಗಿಲ್ಲ.”

ಅಕ್ಕೋರು ವಿವರಿಸಿದರು. ಪಿವಿಸಿ ಮೆತ್ತಗಿರಲೆಂದು ಅದಕ್ಕೆ ಎಣ್ಣೆಯಂಥ ದ್ರವ ಬೆರೆಸಿರುತ್ತಾರೆ. ಅದು ಬಿಸಿಲಿಗೆ ಒಸರಿ ಹಳದಿ ಗಮ್ಮನ್ನು ಕೆಲವೇ ದಿನಗಳಲ್ಲಿ ಕರಗಿಸುತ್ತದೆ. ಪಾಲಿಯುರೇಥೇನಿಗೂ ಪಿವಿಸಿಗೂ ಹೊಂದಿಕೆಯುಂಟು; ಎಣ್ಣೆಗೆ ಅದು ಜಗ್ಗುವುದಿಲ್ಲ, ಕಾವಿಗೆ ಮಾತ್ರ ಸಡಿಲವಾಗುತ್ತದೆ. ಯಾರೋ ಬಿಸಿಗಾಳಿ ಊದಿ ದುಂಡು ತೇಪೆ ಕಿತ್ತು, ಬಿಟ್ಟುಹೋಗಲೆಂದೇ ಚೌಕ ತೇಪೆ ಹಚ್ಚಿದ್ದರು.

“ಚಪ್ಪಲಿಯಂವಗ ಗಮ್ಮಿನ ಗುಣ ಏನ ಗೊತ್ತರಿ? ತಪ್ಪಿ ಹಚ್ಚ್ಯಾನ,” ಎಂದ ಅನಿಲ.

“ಅಂವಗ ಗೊತ್ತೈತಿ. ನಿನಗೂ ಗೊತ್ತೈತಿ. ಸೀಟಿನ ರೆಗ್ಜಿನ್ನೂ ಪಿವಿಸಿನೇ. ಬಿಸಿಲಿಗೆ ಅಂಟು ಬಿಟ್ಟ ಕವರು ಎಷ್ಟ ಮಂದಿ ವಾಪಸ್ ತಂದಾರ ನಿನ್ನ ಅಂಗಡಿಗೆ?”

ಅವರು ಚೀಲದ ಚೂರನ್ನು ತೇಪೆಯ ಪಕ್ಕಕ್ಕಿಟ್ಟರು. ಕತ್ತರಿ ಅಂಕುಡೊಂಕಾಗಿ ಹೋದ ಎರಡು ಅಂಚುಗಳು ಹಲ್ಲಿಗೆ ಹಲ್ಲು ಕೂಡಿದವು. ನಾನು ಎದ್ದುನಿಂತು ಮರಳಿನ ಸಂಗತಿ ಹೇಳಿದೆ. ಅನಿಲ ಬಾಗಿಲ ಕಡೆ ತಿರುಗುವಷ್ಟರಲ್ಲಿ ಫೌಜದಾರರ ಕೈ ಅವನ ಹೆಗಲ ಮೇಲಿತ್ತು.

ಮುಂದಿನ ಸೋಮವಾರ ಕೊಡ ಹಿಡಿದು ದಂಡೆಗೆ ಹೋದೆ. ಹರಗೋಲಿಗೆ ಹೊಸ ದುಂಡು ತೇಪೆ. ಆದರೂ ನನ್ನ ಕಾಲು ಏಳಲಿಲ್ಲ. ಮಲಿಕಸಾಬ ನನಗಿಂತ ಮೊದಲು ಹತ್ತಿ ಕುಳಿತ.

“ತೇಪಿ ನಂದ್ರಿ, ಖಂಡೆಪ್ಪಣ್ಣ. ಮುಳುಗಿದ್ರ ಇಬ್ಬರೂ ಮುಳುಗೂಣು, ಬರ್ರಿ.”

ಕೊಡ ತುಂಬಿ ದಂಡೆ ಮುಟ್ಟುವವರೆಗೂ ನನ್ನ ಕಣ್ಣು ತಳದ ಮೇಲೇ ಇತ್ತು. ತಳ ಒಣಗಿಯೇ ಇತ್ತು.