ಏನೂ ಕೆತ್ತದ ಅಚ್ಚು

ಮೂರನೆಯ ಸಲವೂ ಅದೇ ಹಣೆಬರಹ. ಮಂಜಿಷ್ಠದ ಬೇರಿನ ನೀರಲ್ಲಿ ಕುದಿಸಿದ ಬಟ್ಟೆಯನ್ನು ಕೋಲಿನಿಂದ ಎತ್ತಿ ಬಿಸಿಲಿಗೆ ಹಿಡಿದೆ. ಕೆಂಪು ಬೊಟ್ಟು ಚೆನ್ನಾಗಿ ಬಂದಿತ್ತು. ಅದರ ನಡುವಿನ 'ಶ್ರೀರಂಗ' ಎಂಬ ಕಪ್ಪಕ್ಷರವೂ ಚೆನ್ನಾಗಿ ಬಂದಿತ್ತು. ಆದರೆ ಪ್ರತಿ ಅಕ್ಷರದ ಎಡಕ್ಕೂ ಬೆಳ್ಳಗೆ ಒಂದು ಸಂದು ಇಣುಕುತ್ತಿತ್ತು.

"ಬಾವ, ಬಾ ಇಲ್ಲಿ. ಕಣ್ಣಿದ್ರೆ ನೋಡು."

ಲಕ್ಷ್ಮಣ ಬಾವ ಉಳಿ ಕೆಳಗಿಟ್ಟು ಬಂದ. ರೆಪ್ಪೆಯ ಮೇಲೆಲ್ಲ ಮರದ ಪುಡಿ. ಬಗ್ಗಿ ನೋಡಿದ. "ಒಂದ್ ಕೂದ್ಲೆಳೆ ಅಷ್ಟೇ ಕಣಮ್ಮಿ."

"ಮೊದಲ್ನೇದೂ ಕೂದ್ಲೆಳೆ, ಎರಡ್ನೇದೂ ಕೂದ್ಲೆಳೆ. ಇಂಗೇ ಇಪ್ಪತ್ನಾಕು ಬಟ್ಟೆಗೂ ಆದ್ರೆ ಕೂತ್ಕಂಡು ಜಡೆ ಹೆಣೀಬೋದು."

ನಗಬೇಡ ಎಂದೆ. ನಕ್ಕ. ನಕ್ಕಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ, ಬಲಗೆನ್ನೆ ಸುಮ್ಮನಿರುತ್ತದೆ. ಈ ಮನುಷ್ಯನಲ್ಲಿ ಒಂದಕ್ಕೊಂದು ಹೊಂದಿದ್ದು ಏನಾದರೂ ಇದೆಯೇ ಎಂದು ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆದರೂ ಆ ಗುಳಿಯನ್ನು ಇನ್ನೊಂದು ಸಲ ನೋಡಿದೆ.

ಅವನು ನಾಗಮಂಗಲದ ನನ್ನ ಸೋದರತ್ತೆಯ ಮಗ, ಮರದ ಅಚ್ಚು ಕೆತ್ತುವವನು. ನಮ್ಮದು ಗಂಜಾಂ ಪೇಟೆ. ನಮ್ಮಪ್ಪ ಕಾಳಪ್ಪ ಕುಲುಮೆಯಲ್ಲಿ ಕಬ್ಬಿಣ ಬಡಿಯುತ್ತಾನೆ. ಉಳಿದ ಚೂರುಗಳನ್ನು ಗಡಿಗೆಯ ಬೆಲ್ಲದ ನೀರಿನಲ್ಲಿ ಹುಳಿ ಬರಿಸಿ ಬಟ್ಟೆಗೆ ಕಪ್ಪು ಮಾಡುವುದು ನನ್ನ ಕೆಲಸ. ಆ ಗಡಿಗೆ ನಮ್ಮವ್ವನದು. ಅವಳು ಹೋದ ಮೇಲೂ ಒಂದು ದಿನವೂ ಅದನ್ನು ಬರಿದಾಗಲು ಬಿಟ್ಟಿಲ್ಲ. ಎರಡು ವರ್ಷದ ಹಿಂದೆ ಬಿಳಿಯರ ಕಂಪನಿಯ ದಂಡು ಬಂದಾಗ ಪೇಟೆಯವರು ಬೆಳ್ಳಿ ಬಂಗಾರ ಹೊತ್ತು ಓಡಿದರೆ, ನಾನು ಆ ನಾರುವ ಗಡಿಗೆಯನ್ನು ಸೊಂಟಕ್ಕಿಟ್ಟುಕೊಂಡು ಓಡಿದ್ದೆ.

ಕಿರಂಗೂರಿನ ಹೊನ್ನಪ್ಪಗೌಡರು ತಮ್ಮ ಭಜನೆಯವರಿಗೆಂದು ಏಕಾದಶಿಯೊಳಗೆ ಇಪ್ಪತ್ನಾಲ್ಕು ಹೊದಿಕೆ ಬೇಕೆಂದು ಹೇಳಿದ್ದರು. ಅದರ ಅಚ್ಚಿಗೆಂದೇ ಬಾವ ಬಂದಿದ್ದ. ಅಪ್ಪನ ಲೆಕ್ಕಾಚಾರ ಬೇರೆಯೇ ಇತ್ತು. "ಬಟ್ಟೆ ಮುಗಿಯೋದ್ರೊಳ್ಗೆ ಏಳ್ಬುಡು ಮಗ. ಲಕ್ಷ್ಮಣ ಒಪ್ಗೆನಾ, ಇಲ್ವಾ? ಇಲ್ಲಾಂದ್ರೆ ಅತ್ತಿಗುಪ್ಪೆ ಅಕ್ಕಸಾಲಿಗರು ಹೆಣ್ಣು ಕೇಳಿ ಕಾಯ್ತಾವ್ರೆ."

ಅತ್ತಿಗುಪ್ಪೆಯ ಆ ಮನೆಯಲ್ಲಿ ಹೆಂಗಸರು ಬಣ್ಣಕ್ಕೆ ಕೈ ಹಾಕುವಂತಿಲ್ಲ, ಗಡಿಗೆ ಹೊಸಿಲು ದಾಟುವಂತಿಲ್ಲ. ಬಾವನೋ, ನೋಡಿದ ದಿನದಿಂದ ನನ್ನ ಎದೆಯಲ್ಲಿ ಕೂತುಬಿಟ್ಟಿದ್ದ. ಆದರೆ ಒಂದು ಅಚ್ಚಿನ ವಿಷಯದಲ್ಲಿ ನನ್ನ ಮಾತು ಕಿವಿಗೆ ಹಾಕಿಕೊಳ್ಳದವನು ಜೀವಮಾನವೆಲ್ಲ ಏನು ಹಾಕಿಕೊಂಡಾನು?

ಜಗಳ ಇಷ್ಟೇ. ಕಪ್ಪಕ್ಷರಕ್ಕೆ ಒಂದು ಅಚ್ಚು, ಕೆಂಪು ಬೊಟ್ಟಿಗೆ ಇನ್ನೊಂದು. ಬಾವ ಕೆಂಪಿನ ಅಚ್ಚಿನಲ್ಲಿ ಅಕ್ಷರ ಬರುವ ಜಾಗವನ್ನೆಲ್ಲ ಅದೇ ಆಕಾರಕ್ಕೆ ಕೊರೆದು ತೆಗೆದಿದ್ದ, ಕಪ್ಪು ಅದರೊಳಗೆ ಹೋಗಿ ಕೂರಲಿ ಎಂದು. ಕೈ ಅಂದಮೇಲೆ ಒಂದಿಷ್ಟು ಆಚೀಚೆ ಆಗಿಯೇ ಆಗುತ್ತದೆ. ಅದೂ ಅಚ್ಚು ಹೊಡೆದಾಗ ಕಾಣುವುದಿಲ್ಲ. ಕೆಂಪಿನ ಅಚ್ಚಿಗೆ ಹಚ್ಚುವುದು ಬರೀ ಪಟಿಕದ ನೀರು, ಬೇರಿನ ಜೊತೆ ಕುದಿಸಿದ ಮೇಲಷ್ಟೇ ಅದು ಕೆಂಪಾಗುವುದು. ಎರಡು ದಿನ ಕಾದು ಕೊನೆಗೆ ನೋಡಿದರೆ ಈ ಬಿಳಿ ಸಂದು!

"ಕೊರೀಬ್ಯಾಡ ಬಾವ. ಬೊಟ್ಟು ತುಂಬ ಕೆಂಪಿರ್ಲಿ. ಕಪ್ಪಿನ ಮ್ಯಾಲೆ ಕೆಂಪು ಬಿದ್ರೂ ಕಪ್ಪು ಕಪ್ಪೇ."

"ಕೊರೀದೇ ಇದ್ರೆ ಅದು ಅಚ್ಚಾ? ಮರದ ತುಂಡು. ನಮ್ಮ ತಾತನ ಕಾಲ್ದಿಂದ ಯಾರೂ ಅಂತಾದ್ದ ಮಾಡಿಲ್ಲ."

"ನಿಮ್ಮ ತಾತ ಬಟ್ಟೆ ಕುದಿಸಿದ್ರಾ?"

"ಮೂಗಿನ ತುದೀಲೇ ಕೋಪ ನೋಡು," ಎಂದ. ಮೂಗನ್ನೇ ನೋಡಿದ. ಆಮೇಲೆ ಕಣ್ಣು ನೋಡಿದ, ನೋಟ ಕೀಳಲಿಲ್ಲ. ನನ್ನ ಕೈಯಲ್ಲಿದ್ದ ಬಟ್ಟೆಯಿಂದ ಬಿಸಿನೀರು ಕಾಲಮೇಲೆ ಸುರಿಯುತ್ತಿದ್ದದ್ದು ಆಗ ಗೊತ್ತಾಯಿತು.

ಮರುದಿನ ಉಪಕಾರ ಮಾಡಲು ಹೋಗಿ ಬಟ್ಟಲಲ್ಲಿದ್ದ ನನ್ನ ಕಪ್ಪಿಗೆ ಒಂದಿಷ್ಟು ನೀಲಿ, ಒಂದಿಷ್ಟು ಕೆಂಪು ಬೆರೆಸಿದ. ಕಪ್ಪು ಇನ್ನೂ ಗಾಢವಾಗಲಿ ಎಂದು ಅವನ ಎಣಿಕೆ. ನೀರಾದ ಬಣ್ಣ ಬಟ್ಟೆಗೆ ತಾಗಿದ್ದೇ ಹರಡಿ, ಅಕ್ಷರಗಳೆಲ್ಲ ಉಬ್ಬಿಕೊಂಡವು.

"ನನ್ನ ಕಪ್ಪಿಗೆ ಯಾರ ಸಾಯಾನೂ ಬ್ಯಾಡ!" ಎಂದು ಕೂಗಿದೆ.

ಅವನು ಬಟ್ಟಲು ತೊಳೆದಿಟ್ಟು ಆಚೆ ಹೋದ. ಸಂಜೆ ನೋಡಿದರೆ ಗಡಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ತಳಕ್ಕೆ ದಾರ ಸುತ್ತಿ ಅಳೆಯುತ್ತಿದ್ದಾನೆ. ನನ್ನ ಮೈ ಉರಿದುಹೋಯಿತು.

"ಈಗ ಗಡ್ಗೆನೂ ಕೊರೀತೀಯಾ? ದೂರ ಹೋಗು! ಅಪ್ಪಾ, ಅತ್ತಿಗುಪ್ಪೆಯೋರ್ಗೇ ಏಳ್ಕಳ್ಸು. ಈ ಮನ್ಸನ ಜೊತೆ ನಾನು ಏಗಕಿಲ್ಲ."

ಬಾವ ದಾರವನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಗುಳಿ ಬೀಳಲಿಲ್ಲ. "ಮಾವ, ಅವ್ರಿಗೆ ಏಳೋದ್ನ ಒಂದ್ ವಾರ ತಡೀರಿ," ಎಂದ. ಬೆಳಗ್ಗೆ ಎದ್ದರೆ ಅವನೂ ಇಲ್ಲ, ಕೆಂಪಿನ ಅಚ್ಚೂ ಇಲ್ಲ.

ಹೋಗಲಿ, ಪೀಡೆ ತೊಲಗಿತು ಎಂದುಕೊಂಡೆ. ಎರಡು ದಿನ ಹಾಗೆಯೇ ಅಂದುಕೊಂಡೆ. ಮೂರನೆಯ ದಿನ ಅವನು ಬಿಟ್ಟುಹೋದ ಮರದ ಪುಡಿಯನ್ನು ಗುಡಿಸಲು ಪೊರಕೆ ಹಿಡಿದು, ಗುಡಿಸದೆ ಹಾಗೇ ಇಟ್ಟೆ. ಇಪ್ಪತ್ನಾಲ್ಕು ಬಟ್ಟೆಗೂ ಕಪ್ಪಕ್ಷರ ಹೊಡೆದು ಮುಗಿಸಿದೆ. ಕೆಂಪಿಲ್ಲದೆ ಅವು ಹಗ್ಗದ ಮೇಲೆ ಬೋಳುಬೋಳಾಗಿ ತೂಗುತ್ತಿದ್ದವು. ಐದನೆಯ ದಿನಕ್ಕೆ ಏಕಾದಶಿಗೆ ನಾಲ್ಕೇ ದಿನ ಉಳಿದಿತ್ತು. ಹೊನ್ನಪ್ಪಗೌಡರು ಬಂದು ನೋಡಿ, "ಬೊಟ್ಟೆಲ್ಲವ್ವಾ?" ಎಂದರು. "ಬರ್ತದೆ ಗೌಡ್ರೇ," ಎಂದು ಯಾವ ಧೈರ್ಯದ ಮೇಲೆ ಹೇಳಿದೆನೋ. ಅವರು ಆಚೆ ಹೋದ ಮೇಲೆ ಅತ್ತುಬಿಟ್ಟೆ. ಈ ಅಳು ಬಟ್ಟೆಗೆ ಎಂದು ನನಗೆ ನಾನೇ ಹೇಳಿಕೊಂಡೆ, ಸುಳ್ಳು.

ಆರನೆಯ ದಿನ ಮಧ್ಯಾಹ್ನ ಬಂದ. ಮೊಣಕಾಲವರೆಗೆ ಧೂಳು. ಹೆಗಲ ಗಂಟು ಬಿಚ್ಚಿ ಅಚ್ಚೊಂದನ್ನು ನನ್ನ ಕೈಗಿಟ್ಟ. ದುಂಡನೆಯ ಮರ, ಮುಖ ಕನ್ನಡಿಯಷ್ಟು ನುಣ್ಣಗೆ. ಒಂದು ಗೆರೆ ಇಲ್ಲ, ಒಂದು ಗುಂಡಿ ಇಲ್ಲ.

"ಏನೂ ಕೆತ್ತಿಲ್ಲ," ಎಂದ. "ಅಪ್ಪಯ್ಯ ನೋಡಿ ನಕ್ಬುಟ್ರು. ನಗ್ಲಿ ಬುಡು. ನಿನ್ನ ಅಕ್ಸರ ನೀನು ಹೊಡ್ಕೊ, ನಾನು ಸುತ್ತ ಬರೀ ಕೆಂಪಾಗಿರ್ತೀನಿ."

ಇನ್ನೊಂದು ಕ್ಷಣ ಬಿಟ್ಟರೆ ಅತ್ತುಬಿಡುತ್ತಿದ್ದೆ. ಅದಕ್ಕೇ ಬೈದೆ. "ಇದ್ನ ಮಾಡಕೆ ನಾಗಮಂಗಲಕ್ಕೆ ಹೋಗ್ಬೇಕಿತ್ತಾ? ಇಲ್ಲಿ ಮರ ಇರ್ಲಿಲ್ವಾ?"

"ಗಡ್ಗೆಗೆ ಜಾಗ ಮಾಡಕೆ ಹೋಗಿದ್ದೆ. ಹಿತ್ಲು ಜಗಲೀಲಿ ಬಿಸ್ಲು ಬೀಳೋ ಕಡೆ ಮರದ ಮಣೆ ಕೂರ್ಸಿ ಬಂದಿವ್ನಿ, ತಳದ ಅಳ್ತೆಗೆ ಸರಿಯಾಗಿ. ನಮ್ಮವ್ವ ಮೂಗು ಮುಚ್ಕಂಡೇ ಒಪ್ಕಂಡ್ಲು. ನೀನು ಬಂದ್ರೆ ಗಡ್ಗೆನೂ ಬರ್ಬೇಕಲ್ಲ? ಬರ್ತೀಯಾ?"

"ಇದ್ನ ಅವತ್ತೇ ಬಾಯ್ಬುಟ್ಟು ಏಳಿದ್ರೆ ಏನಾಗ್ತಿತ್ತು?"

"ನೀನು ಏಳಕೆ ಬುಟ್ಟಿದ್ಯಾ?"

ಪಟಿಕದ ನೀರಲ್ಲಿ ಅಚ್ಚು ಅದ್ದಿ ಮೊದಲ ಬಟ್ಟೆಯ ಮೇಲಿಟ್ಟು ಒತ್ತಿದೆ. ಅಂಗೈಗೆ ಹಿಡಿಯಲ್ಲಿ ಏನೋ ತಾಗಿತು. ತಿರುಗಿಸಿ ನೋಡಿದರೆ ಬೆರಳುಗುರಿನಷ್ಟು ಪುಟ್ಟ ಗಡಿಗೆ, ಅದರ ಕಂಠದ ಸುತ್ತ ಹೂವಿನ ಸಾಲು.

"ಏನೂ ಕೆತ್ತಿಲ್ಲ ಅಂದೆ?"

"ಬಟ್ಟೆ ಮುಟ್ಟೋ ಕಡೆ ಕೆತ್ತಿಲ್ಲ. ಅದು ನಿನ್ನ ಕೈಗೆ ಮಾತ್ರ."

"ಒಂದ್ಸಲನಾದ್ರೂ ಏಳಿದ್ನ ಏಳ್ದಂಗೆ ಮಾಡ್ತೀಯಾ ಬಾವ ನೀನು?" ಎಂದೆ. ನಕ್ಕ. ಗುಳಿ ಬಿತ್ತು, ಎಡಗೆನ್ನೆಗೆ ಮಾತ್ರ.

ಎರಡು ದಿನ ಕಳೆದು ಬಟ್ಟೆಯನ್ನು ಕುದಿಯಿಂದ ಎತ್ತಿದಾಗ ಕೆಂಪು ತುಂಬಿಕೊಂಡಿತ್ತು, ಕಪ್ಪು ಕಪ್ಪಾಗಿಯೇ ಇತ್ತು, ಎಲ್ಲಿಯೂ ಸಂದಿರಲಿಲ್ಲ. ಅಪ್ಪ ಕುಲುಮೆಯಿಂದಲೇ ಕೂಗಿದ. "ಏನ್ ಮಗ, ಅತ್ತಿಗುಪ್ಪೆಯೋರ್ಗೆ ಏನ್ ಏಳ್ಲಿ?"

ಇಪ್ಪತ್ನಾಲ್ಕು ಸಲ ಒತ್ತಿ ನನ್ನ ಅಂಗೈಯಲ್ಲಿ ಕೆಂಪಗೆ ಅಚ್ಚಾಗಿದ್ದ ಗಡಿಗೆ ಇನ್ನೂ ನೋಯುತ್ತಿತ್ತು. ಆ ಕೈಯನ್ನೇ ಬಾವನ ಕೈಯೊಳಗಿಟ್ಟೆ.

"ಬ್ಯಾಡ ಅಂತ ಏಳಪ್ಪ," ಎಂದೆ. "ನಾನು ಈ ಮನ್ಸನ ಜೊತೆನೇ ಏಗ್ತೀನಿ."