ಹನ್ನೊಂದು ಮೊಳೆ ತೂತು

ಸಾಲ ಮಾಡಿ ಕೊಂಡ ಮನೆ. ಬಾಡಿಗೆ ನಿಂತರೆ ಬ್ಯಾಂಕಿನ ಕಂತು ಕಟ್ಟಲು ನನಗೆ ಬೇರೆ ದಾರಿಯಿರಲಿಲ್ಲ. ಬಾಡಿಗೆಗಿದ್ದ ಟೈಲರಕ್ಕ ಆಸ್ಪತ್ರೆಯಲ್ಲಿ ತೀರಿಕೊಂಡ ವಾರ, ಅವಳ ತಂಗಿ ಸಾಮಾನು ಸಾಗಿಸುತ್ತಿದ್ದಾಗ ನಾನು ಗೋಡೆಯ ಮೊಳೆ ತೂತುಗಳನ್ನು ಎಣಿಸಿದೆ. ಹನ್ನೊಂದು.

"ಪೇಂಟಿಂಗ್ ಖರ್ಚು ಅಡ್ವಾನ್ಸಲ್ಲಿ ಹಿಡ್ಕೋತೀನಮ್ಮ."

"ಆಸ್ಪತ್ರೇಲೂ ಅಕ್ಕಂಗೆ ಅದೇ ಯೋಚನೆ," ಅಂದಳು ತಂಗಿ.

ಬೀಗ ಹಾಕಿ ಎರಡೂ ಕೀಲಿ ನಾನೇ ತಂದೆ. ಮರುದಿನ ಮಧ್ಯಾಹ್ನ ಒಬ್ಬ ನರ್ಸಿಗೆ ಮನೆ ತೋರಿಸಲು ಹೋದೆ. ಹೊರಗೆ ಉರಿಬಿಸಿಲು, ಒಳಗೆ ಗೋಡೆ ತಣ್ಣಗಿತ್ತು, ಟೂತ್‌ಪೇಸ್ಟಿನ ವಾಸನೆ ಬರುತ್ತಿತ್ತು. ಗುರುತು ಕಾಣದಿರಲೆಂದು ಬಾಡಿಗೆಯವರು ಮಾಡುವಂತೆ, ಹನ್ನೊಂದು ತೂತಿಗೂ ಪೇಸ್ಟ್ ಮೆತ್ತಿ ಬೆರಳಿನಿಂದ ಸವರಲಾಗಿತ್ತು. ಮುಟ್ಟಿದೆ; ಇನ್ನೂ ಹಸಿ.

"ಹಿಂದಿನೋರು ಎಷ್ಟು ನೀಟಾಗಿ ಇಟ್ಕೊಂಡಿದಾರೆ ಆಂಟಿ," ಎಂದು ನರ್ಸ್ ಅಲ್ಲೇ ಒಪ್ಪಿಕೊಂಡಳು. ನಾನು ಪೇಸ್ಟ್ ಅಂಟಿದ ಬೆರಳನ್ನು ಸೆರಗಿಗೆ ಒರೆಸಿಕೊಂಡೆ. ಸಾಯುವಾಗಲೂ ಆ ಹೆಂಗಸು ನನಗೆ ಹೆದರಿದ್ದಳೇ? ಅವತ್ತೇ ತಂಗಿಯ ಕೈಗೆ ಅಡ್ವಾನ್ಸ್ ಪೂರ್ತಿ ಕೊಟ್ಟೆ. ಖಾಲಿ ಮನೆಗೂ ಹೋಗಿ, "ಎಲ್ಲಾ ಕೊಟ್ಟಾಯ್ತಕ್ಕ, ಇನ್ನು ಬಿಡು," ಎಂದು ಗೋಡೆಗೆ ಹೇಳಿ ಬಂದೆ.

ನರ್ಸ್ ಬಂದು ತಿಂಗಳಾಯಿತು. ನಿನ್ನೆ ಫೋನ್ ಮಾಡಿದ್ದಳು.

"ಆಂಟಿ, ಕನ್ನಡಿಗೆ ಅಂತ ಒಂದೇ ಒಂದು ಮೊಳೆ ಹೊಡ್ದಿದ್ದೆ. ಡ್ಯೂಟಿ ಮುಗಿಸ್ಕೊಂಡು ಬಂದ್ರೆ ಮೊಳೆ ಕಿತ್ತು ಕಿಟಕಿ ಮೇಲಿಟ್ಟಿದೆ, ತೂತಿಗೆ ಪೇಸ್ಟ್ ಹಚ್ಚಿದೆ. ನೀವೇನಾದ್ರೂ ಬಂದಿದ್ರಾ?"

ನಾನು ಹೋಗಿರಲಿಲ್ಲ. ಎರಡೂ ಕೀಲಿ ಅವಳ ಹತ್ತಿರವೇ ಇವೆ.